ನಾಲ್ಕು ಗಂಟೆಯ ತಾಲೀಮು

ಡಯಾಲಿಸಿಸ್ ಕೋಣೆಯೊಳಕ್ಕೆ ಹಾರ್ಮೋನಿಯಂ ಹೋಗಬೇಕಾದರೆ ಮೊದಲು ಅದಕ್ಕೆ ಸ್ನಾನವಾಗಬೇಕು. ಅಲ್ಲಿನ ಸಿಸ್ಟರ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೇಲಿನ ಹಲಗೆ, ಬೆರಳೊತ್ತುವ ಕರಿ ಬಿಳಿ ಮನೆಗಳು, ಗಾಳಿ ಊದುವ ತಿದಿಯ ಹಿಂಬದಿ ಎಲ್ಲವನ್ನೂ ಒರೆಸುತ್ತಾರೆ. ನನ್ನ ಪೆಟ್ಟಿಗೆ ಹಳೆಯದು. ಊರೂರಿನ ನಾಟಕದ ಚಪ್ಪರಗಳ ಧೂಳು, ಪಾತ್ರಧಾರಿಗಳ ಮುಖದ ಬಣ್ಣ, ಊದುಬತ್ತಿಯ ಹೊಗೆ ಎಲ್ಲವನ್ನೂ ಕುಡಿದು ಕೂತಿದೆ. ಮೊದಲ ದಿನ ಸಿಸ್ಟರ್ ಕಪ್ಪಾದ ಹತ್ತಿಯುಂಡೆಯನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದರು.

"ಏನ್ ಮೇಷ್ಟ್ರೇ, ಇದು ಪೆಟ್ಟಿಗೆನೋ ಒಲೆನೋ?"

ನಾನು ನಕ್ಕೆ. ನಕ್ಕ ಮೇಲೆ ಯೋಚನೆ ಹತ್ತಿಕೊಂಡಿತು. ಸ್ಪಿರಿಟ್ಟು ಒಳಗಿಳಿದು ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳು ಕೆಟ್ಟರೆ ಏನು ಗತಿ? ಅದಿರಲಿ, ತಿದಿ ಒತ್ತಿದಾಗ ಒಳಗಿನ ಧೂಳು ಹೊರಬಂದು ಅಲ್ಲಿ ಮಲಗಿದ ಆರು ರೋಗಿಗಳಲ್ಲಿ ಒಬ್ಬರಿಗೆ ಸೋಂಕಾದರೆ? ರೋಗಿಗಳಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ರೋಗಿಗಳಿಗೆ, ಎರಡು ಕಡೆಯಿಂದಲೂ ಹೆದರಿಕೊಳ್ಳುವ ಜಾತಿ ನನ್ನದು. ಹೆಂಡತಿ ಇದಕ್ಕೆ 'ಹೋಲ್‌ಸೇಲ್ ಯೋಚನೆ' ಅನ್ನುತ್ತಾಳೆ.

ನಾನು ಹೊಳೆನರಸೀಪುರದವನು, ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಹಾಸನದ ಒಂದು ಸಣ್ಣ ಸೇವಾ ಬಳಗದವರು ಆಸ್ಪತ್ರೆಗಳಲ್ಲಿ ರೋಗಿಗಳ ಎದುರಿಗೇ ಕೂತು ಸಂಗೀತ ಕೇಳಿಸುವ ಕೆಲಸ ಶುರುಮಾಡಿದ್ದರು. ಅದನ್ನು ನಡೆಸುತ್ತಿದ್ದವರು ರಿಟೈರಾದ ಹೆಡ್‌ಮಿಸ್ ಒಬ್ಬರು. ಎಲ್ಲರಿಗೂ ಅವರು ಮೇಡಂ. ಮೊದಲು ನುಡಿಸುತ್ತಿದ್ದವರು ರುದ್ರಪಟ್ಟಣದ ಕಡೆಯ ಪಿಟೀಲು ವಿದ್ವಾಂಸರು. ಅವರಿಗೆ ಕಚೇರಿಗಳು ಹೆಚ್ಚಾದವು, ಬದಲಿಗೆ ನನ್ನನ್ನು ಕರೆದರು. ಮೂರು ತಿಂಗಳ ಮಾತು. ಮಂಗಳವಾರ ಅರಕಲಗೂಡು, ಗುರುವಾರ ಚನ್ನರಾಯಪಟ್ಟಣ, ಸೋಮ ಬುಧ ಶುಕ್ರ ಹಾಸನದ ಡಯಾಲಿಸಿಸ್ ಕೋಣೆ.

ಅರಕಲಗೂಡು, ಚನ್ನರಾಯಪಟ್ಟಣದ ವಾರ್ಡುಗಳಲ್ಲಿ ತಾಪತ್ರಯವಿರಲಿಲ್ಲ. ಅಲ್ಲಿ ನನ್ನ ಸಂಗೀತ ಹಿಡಿಸದವರು ಎದ್ದು ಹೋಗಬಹುದಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರೊಬ್ಬರು ಕುಂಟಿಕೊಂಡೇ ಎದ್ದು ಹೋದರು. ಅದೊಂದು ನೆಮ್ಮದಿ. ನಾಟಕ ಕೆಟ್ಟರೆ ಜನ ಬೀಡಿ ಹಚ್ಚಿಕೊಂಡು ಹೊರಗೆ ನಡೆಯುತ್ತಾರೆ, ಮೇಷ್ಟ್ರಿಗೆ ತಪ್ಪು ಗೊತ್ತಾಗುತ್ತದೆ. ಡಯಾಲಿಸಿಸ್ ಕೋಣೆಯಲ್ಲಿ ಯಾರೂ ಏಳುವಂತಿಲ್ಲ. ಆರು ಹಾಸಿಗೆ, ಆರು ಯಂತ್ರ. ಎಡಗೈಗೆ ಎರಡು ದಪ್ಪ ಸೂಜಿ; ಒಂದರಿಂದ ರಕ್ತ ಹೊರಗೆ ಹೋಗಿ ಯಂತ್ರದಲ್ಲಿ ತೊಳೆಸಿಕೊಂಡು ಇನ್ನೊಂದರಿಂದ ಒಳಗೆ ಬರಬೇಕು. ನಾಲ್ಕು ಗಂಟೆ. ಕೈ ಮಡಚಿದರೆ ಯಂತ್ರ ಕೂಗಿಕೊಳ್ಳುತ್ತದೆ. ಕಿಟಕಿ ತೆಗೆಯುವಂತಿಲ್ಲ. ಬಾಗಿಲಿಗೆ ಒಂದು ಗಾಜಿನ ತುಂಡು, ಅದರಾಚೆ ಕಾರಿಡಾರಿನಲ್ಲಿ ಬುತ್ತಿ ಇಟ್ಟುಕೊಂಡು ಕೂತ ಮನೆಯವರು.

ನನ್ನ ಸ್ಟೂಲು ಇದ್ದದ್ದು ನಾಲ್ಕನೇ ಹಾಸಿಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಯಂತ್ರಗಳು ಶುರುವಾಗಿ ಔಷಧಿಯ ಟ್ರಾಲಿ ನನ್ನ ಮುಂದೆ ಬಂದು ನಿಂತರೆ ನಾನೂ ಬಂದಿ. ಎರಡನೇ ದಿನವೇ ನನಗೆ ಬರಬಾರದ ಹೊತ್ತಲ್ಲಿ ಬಂತು. ಮೂತ್ರ. ಆ ಕೋಣೆಯಲ್ಲಿ ಆ ಮಾತನ್ನು ಹೇಗೆ ಆಡುವುದು? ಅಲ್ಲಿದ್ದವರಲ್ಲಿ ಎಷ್ಟೋ ಜನಕ್ಕೆ ಅದು ಬಂದು ವರ್ಷವಾಗಿತ್ತು. ಒಂದು ಗಂಟೆ ತಡೆದೆ. ರಾಗ ಸಣ್ಣಗೆ ನಡುಗತೊಡಗಿತು. ಮೂರನೇ ಹಾಸಿಗೆಯ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದವರು ಸಿಸ್ಟರನ್ನು ಕರೆದರು.

"ಆವಣ್ಣಂಗೆ ದಾರಿ ಬುಡವ್ವ. ಪುಣ್ಯವಂತ, ಓಗ್ಬುಟ್ಟು ಬರ್ಲಿ."

ಟ್ರಾಲಿ ಸರಿಸಿದರು. ಆರು ಹಾಸಿಗೆಗಳ ಮುಂದೆ ತಲೆ ತಗ್ಗಿಸಿಕೊಂಡು ನಡೆದೆ. ಅವತ್ತಿಂದ ಬಸ್ಸು ಹತ್ತುವ ಮೊದಲು ನೀರು ಕುಡಿಯುವುದನ್ನೇ ಬಿಟ್ಟೆ. ಆಮೇಲೆ, ನೀರು ಕುಡಿಯದಿದ್ದರೆ ಕಿಡ್ನಿ ಕೆಡುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು.

ಇಷ್ಟೆಲ್ಲ ತಮಾಷೆ. ತಮಾಷೆಯಲ್ಲದ್ದು ಎರಡನೇ ವಾರದಲ್ಲಿ ನಡೆಯಿತು.

ನನ್ನ ಕೈಯಲ್ಲಿರುವ ನಾಟಕದ ಮಟ್ಟುಗಳೆಲ್ಲ ಗಟ್ಟಿದನಿಯವು. ಚಪ್ಪರದ ಕೊನೆಯಲ್ಲಿ ತೂಕಡಿಸುತ್ತ ಕೂತವನನ್ನು ಎಬ್ಬಿಸಲು ಹುಟ್ಟಿದವು. ಮೇಡಂ ಹೇಳಿದ್ದು, "ಮೆತ್ತಗೆ ಇರ್ಲಿ, ಮನಸ್ಸಿಗೆ ತಂಪಾಗೋ ಹಾಗೆ." ಅದಕ್ಕೆ ಅವತ್ತು ಬುಧವಾರ ತತ್ವಪದದ ಧಾಟಿಯೊಂದನ್ನು ಹಿಡಿದೆ. ನಿಧಾನ ಲಯ, ಕೆಳಸ್ಥಾಯಿ, ಬೆರಳಿಗೆ ಹಾಕಿಕೊಂಡ ಪುಟ್ಟ ತಾಳ. ದನಿ ಸೇರಿಸಿ ಹಾಡಿದೆ. ಚೆನ್ನಾಗಿಯೇ ಬಂತು. ನಾನು ನುಡಿಸಿದ್ದು ಚೆನ್ನಾಗಿದೆ ಅಂತ ನನಗೇ ಅನ್ನಿಸುವುದು ಅಪರೂಪ. ಅವತ್ತು ಅನ್ನಿಸಿತು. ಕಣ್ಣು ಮುಚ್ಚಿದೆ.

ನಮ್ಮ ಕಡೆ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಮುಂದೆ ಭಜನೆಯವರನ್ನು ಕೂರಿಸುತ್ತಾರೆ. ಹಾರ್ಮೋನಿಯಂ, ತಾಳ, ನಿಧಾನದ ತತ್ವಪದ. ನೆಂಟರೆಲ್ಲ ಬಂದು ಸೇರುವವರೆಗೂ ಅದು ನಿಲ್ಲುವುದಿಲ್ಲ. ನಾನು ಅಂಥ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಹಿಡಿದಿದ್ದೇನೆ. ನಿಜ ಹೇಳಬೇಕೆಂದರೆ ಮೆತ್ತಗೆ ನುಡಿಸುವುದನ್ನು ನಾನು ಕಲಿತದ್ದೇ ಸಾವಿನ ಮನೆಗಳಲ್ಲಿ. ಮೆತ್ತಗೆ ನುಡಿಸು ಅಂದರೆ ಬೆರಳು ತಾನಾಗಿ ಅಲ್ಲಿಗೇ ಹೋಗಿತ್ತು.

ಮೂರನೇ ಹಾಸಿಗೆಯ ಅಜ್ಜಿ ಕೇಳಿದ್ದು ಕಿವಿಗೆ ಬಿತ್ತು.

"ಯಾರವ್ವ ಓಗ್ಬುಟ್ಟೋರು?"

ಕಣ್ಣು ಬಿಟ್ಟೆ. ಅಷ್ಟರಲ್ಲಿ ಕಾರಿಡಾರಿನಲ್ಲಿ ಯಾರೋ ಗೋಳಾಡಿದ್ದು ಕೇಳಿತು. ಬಾಗಿಲಿನ ಗಾಜಿಗೆ ಒಂದು ಹೆಂಗಸಿನ ಮುಖ ಒತ್ತಿಕೊಂಡಿತ್ತು. ಎರಡು ಕೈಯಲ್ಲೂ ಬಾಗಿಲು ಬಡಿಯುತ್ತಿದ್ದರು. ನಾಲ್ಕನೇ ಹಾಸಿಗೆಯವರ ಹೆಂಡತಿ. ಮುಚ್ಚಿದ ಬಾಗಿಲು, ಒಳಗಿಂದ ಹಾರ್ಮೋನಿಯಂ, ತಾಳ, ತತ್ವಪದ. ಅವರಿಗೆ ಬೇರೆ ಏನು ತಾನೇ ಅರ್ಥವಾಗಬೇಕು?

ನಾಲ್ಕನೇ ಹಾಸಿಗೆಯವರು ಬಾಗೂರಿನ ಕಡೆಯ ಗೌಡರು. ಅರವತ್ತರ ಹತ್ತಿರ ವಯಸ್ಸು, ಎತ್ತರದ ಆಳು, ತೆಂಗಿನ ತೋಟದ ಕುಳ. ಅತ್ತ ಹತ್ತಿರದಲ್ಲಿ ಯಂತ್ರ ಖಾಲಿ ಸಿಗದೆ ಹಾಸನಕ್ಕೆ ಬರುತ್ತಿದ್ದರು. ಅದುವರೆಗೆ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಅವರು ಗಾಜಿನಾಚೆ ತಮಗಾಗಿ ಅಳುತ್ತಿದ್ದ ಹೆಂಡತಿಯನ್ನು ನೋಡಿದರು, ಆಮೇಲೆ ನನ್ನನ್ನು.

"ನನ್ಗೇ ಕಣ್ಲಾ ನೀನು ಆಡ್ತಿರೋದು," ಅಂದರು. ಸಿಟ್ಟಿನಿಂದಲ್ಲ. ಅದೇ ಕಷ್ಟ. "ಸಿಸ್ಟ್ರೇ, ಸೂಜಿ ತೆಗೀರಿ. ಮನೇಗ್ ಓಯ್ತೀನಿ."

ಯಂತ್ರ ಶುರುವಾಗಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು. ಸಿಸ್ಟರ್ ಹೇಳಿದರು, ಡಾಕ್ಟರು ಬಂದು ಹೇಳಿದರು, ಕೇಳಲಿಲ್ಲ. ಸಹಿ ಹಾಕಿ ಎದ್ದು ಹೋದರು.

ಶುಕ್ರವಾರವೂ ಎರಡು ಗಂಟೆಗೆ ಸರಿಯಾಗಿ "ತೆಗೀರಿ." ಸೋಮವಾರವೂ ಅದೇ. ಅವರ ತಲೆಯಲ್ಲಿ ಕೂತುಬಿಟ್ಟಿತ್ತು: ತನ್ನ ಭಜನೆ ಆಗಿಹೋಗಿದೆ, ಇನ್ನು ಸುಮ್ಮನೆ ಈ ಕೊಳವೆಗಳಲ್ಲಿ ಯಾಕೆ ಸುತ್ತಬೇಕು? ಸಿಸ್ಟರ್ ಗೌಡರ ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿ ತೆಗೆದು ನನಗೆ ತೋರಿಸಿದರು. ಬಿಸಿ ಮುದ್ದೆಗೆ ಬೆರಳಿಟ್ಟ ಹಾಗೆ ಗುಳಿ ಹಾಗೇ ಉಳಿಯಿತು. ಒಳಗೆ ನೀರು. ತೆಗೆಯಬೇಕಾದದ್ದರಲ್ಲಿ ಅರ್ಧ ಮಾತ್ರ ಹೋಗುತ್ತಿತ್ತು. ಉಳಿದರ್ಧ ದಿನದಿನಕ್ಕೆ ಕೂಡುತ್ತಿತ್ತು.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, "ಹೀಗೇ ಆದ್ರೆ ನೀರು ಶ್ವಾಸಕೋಶಕ್ಕೆ ಹೋಗುತ್ತೆ. ಉಸಿರು ಕಟ್ಟುತ್ತೆ. ಬಾಗೂರಿಂದ ಇಲ್ಲಿಗೆ ಬರೋಷ್ಟು ಟೈಮ್ ಕೊಡಲ್ಲ ಅದು." ನಿನ್ನಿಂದ ಆಯಿತು ಅಂತ ಅವರು ಅನ್ನಲಿಲ್ಲ. ಅಂದಿದ್ದರೆ ವಾದ ಮಾಡಬಹುದಿತ್ತು.

ಅವತ್ತೇ ಮೇಡಂ ಮನೆಗೆ ಹೋದೆ. ಬಿಟ್ಟುಬಿಡುತ್ತೇನೆ ಎಂದೆ. ಅವರು ಕಾಫಿ ಕೊಟ್ಟು, ನಾನು ಲೋಟ ಕೆಳಗಿಡುವವರೆಗೂ ಕಾದರು.

"ಬಿಟ್ರೆ ಆ ಗೌಡ್ರು ನಾಲ್ಕು ಗಂಟೆ ಕೂರ್ತಾರಾ?"

"ಇಲ್ಲ ಮೇಡಂ."

"ನೀವಿದ್ರೆ?"

"ನಾನಿದ್ರೂ ಇಲ್ಲ."

"ಹಾಗಾದ್ರೆ ಇದ್ಕೊಂಡೇ ಏನಾದ್ರೂ ಮಾಡಿ. ಕೆಡಿಸಿದೋರು ನೀವು. ಪಿಟೀಲಿನವರನ್ನ ಕರ್ಸಿದ್ರೆ ಅವ್ರಿಗೆ ಕತೆನೇ ಗೊತ್ತಿರಲ್ಲ."

ಹೆಡ್‌ಮಿಸ್ಸುಗಳ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ಬಸ್‌ಸ್ಟ್ಯಾಂಡಿಗೆ ವಾಪಸು ನಡೆಯುವಾಗ, ಮೂರು ತಿಂಗಳು ಅನ್ನುವುದು ಎಷ್ಟು ಉದ್ದ ಎಂದು ಮೊದಲ ಸಲ ಗೊತ್ತಾಯಿತು.

ಮುಂದಿನ ಎರಡು ವಾರ ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿದೆ. ತಾಳ ಮನೆಯಲ್ಲೇ ಬಿಟ್ಟೆ. ಹಾಡುವುದನ್ನು ನಿಲ್ಲಿಸಿದೆ. ಮೋಹನ, ಹಂಸಧ್ವನಿ, ಮದುವೆ ಮನೆಗೆ ಒಪ್ಪುವಂಥ ರಾಗಗಳನ್ನೇ ಆರಿಸಿದೆ. ಹಳೆಯ ಸಿನಿಮಾ ಮಟ್ಟುಗಳಿಗೆ ಒಂದನೇ ಹಾಸಿಗೆಯವರು ಕಾಲ್ಬೆರಳು ಆಡಿಸಿದರು, ಅಜ್ಜಿ ನಿದ್ದೆ ಹೋದರು. ಗೌಡರು ಮಾತ್ರ ಬಲಗೈಯಲ್ಲಿ ದಿಂಬಿನ ತುದಿ ಎಳೆದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಾನು "ಗೌಡ್ರೇ, ಯಾವುದಾದ್ರೂ ಇಷ್ಟವಾದ್ದು ಹೇಳಿ, ನುಡಿಸ್ತೀನಿ" ಅಂತ ಬೇಡಿಕೊಂಡರೆ ಗೋಡೆಯ ಗಡಿಯಾರ ನೋಡುತ್ತಿದ್ದರು. ಎರಡು ಗಂಟೆ. "ತೆಗೀರಿ."

ದಾರಿ ತೋರಿಸಿದ್ದು ಅವರ ಹೆಂಡತಿ. ಒಂದು ಶುಕ್ರವಾರ ಕಾರಿಡಾರಿನಲ್ಲಿ ನನ್ನನ್ನು ತಡೆದು, ಅವತ್ತು ಗೋಳಾಡಿದ್ದಕ್ಕೆ ತಪ್ಪಾಯಿತು ಎಂದರು. ತಪ್ಪು ನನ್ನದು ತಾಯಿ ಎಂದೆ. ಇಬ್ಬರೂ ತಪ್ಪಿಗಾಗಿ ಸ್ವಲ್ಪ ಹೊತ್ತು ಎಳೆದಾಡಿದೆವು. ಆಮೇಲೆ ಅವರು ಹೇಳಿದರು.

"ನಿಮ್ಮಂಥ ಮೇಷ್ಟ್ರ ಕೈಲೇ ಪಳಗಿರೋ ಜೀವ ಸಾ ಅದು. ಇಪ್ಪತ್ ವರ್ಸ ರಾಜಪಾರ್ಟು ಕಟ್ಟವ್ರೆ. ಓದ್ವರ್ಸ ಕಿಡ್ನಿ ಓಯ್ತಲ್ಲ, ಪಾರ್ಟು ಇನ್ನೊಬ್ಬರಿಗೆ ಕೊಟ್ಬುಟ್ರು. ಅವತ್ತಿಂದ ನಾಟ್ಕದ ಮಾತೇ ಎತ್ತಂಗಿಲ್ಲ."

"ನನ್ಹತ್ರ ಹೇಳ್ಲೇ ಇಲ್ವಲ್ಲಮ್ಮ."

"ಎಂಗೇಳಾರು? ನೀವ್ ಬಂದು ಗೌಡ್ರೇ, ಗೌಡ್ರೇ ಅಂತ ಕೈ ಮುಗಿತೀರ. ಮನೇಲಿ ನಾವು ಯಾರೂ ಎದ್ರು ಮಾತಾಡಂಗಿರ್ನಿಲ್ಲ ಸಾ. ತಾಲೀಮಲ್ಲಿ ಮೇಷ್ಟ್ರು ಬಾಯಿಗ್ ಬಂದಂಗ್ ಬೈಯೋರು, ಇವ್ರು ತಲೆ ತಗ್ಗುಸ್ಕಂಡಿರೋರು. ಬೈಸ್ಕಂಡ್ ಬಂದ್ ದಿನ ಎರಡ್ ಮುದ್ದೆ ಜಾಸ್ತಿ ಉಣ್ಣೋರು."

ನಾಟಕದ ತಾಲೀಮು ಕಾಣದವರಿಗೆ ಒಂದು ಮಾತು ಹೇಳಬೇಕು. ಊರಲ್ಲಿ ಎಷ್ಟೇ ದೊಡ್ಡ ಕುಳವಾಗಲಿ, ಪಂಚಾಯ್ತಿ ಅಧ್ಯಕ್ಷನೇ ಆಗಲಿ, ತಾಲೀಮಿನ ಮನೆಗೆ ಕಾಲಿಟ್ಟರೆ ಮೇಷ್ಟ್ರಿಗೆ ಅವನು 'ನೀನು'. ಬೈಗುಳಕ್ಕೆ ಎದುರಾಡುವಂತಿಲ್ಲ. ಮೇಷ್ಟ್ರು ಪೆಟ್ಟಿಗೆ ಮುಚ್ಚುವವರೆಗೆ ಯಾರೂ ಜಾಗ ಬಿಟ್ಟು ಏಳುವಂತಿಲ್ಲ. ಹೊರಗೆ ಬಂದ ಮೇಲೆ ನಾನು ಅವರಿಗೆ ಮತ್ತೆ ಕೈ ಮುಗಿಯುವವನೇ. ಒಳಗೆ ಮಾತ್ರ ಈ ಕಾನೂನು. ಇಷ್ಟು ವರ್ಷ ಆ ಕಾನೂನಿನಲ್ಲೇ ಅನ್ನ ತಿಂದವನು ನಾನು, ಆಸ್ಪತ್ರೆ ಅಂದ ಕೂಡಲೇ ಅದನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬಂದಿದ್ದೆ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರ ಬಸ್ಸಿನಲ್ಲಿ ಕೂತು ಬೈಗುಳ ತಾಲೀಮು ಮಾಡಿಕೊಂಡೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ರೋಗಿಗೆ ಬೈಯುವುದು, ಅದೂ ಬಿ.ಪಿ. ಇರುವ ರೋಗಿಗೆ. ಎದೆ ಒಡೆದು ಸತ್ತರೆ? ಬಳಗದ ಹೆಸರು ಹೋಗುತ್ತದೆ, ಮೇಡಂ ಮುಖ ಹೇಗೆ ನೋಡಲಿ? ಇಷ್ಟು ಯೋಚಿಸುವಷ್ಟರಲ್ಲಿ ಹಾಸನ ಬಂತು.

ಅವತ್ತು ಮೊದಲ ಎರಡು ಗಂಟೆ ಏನೂ ನುಡಿಸಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಸುಮ್ಮನೆ ಕೂತಿದ್ದೆ. ಗಡಿಯಾರ ನೋಡಿ ಗೌಡರು ಬಾಯಿ ತೆರೆದರು.

"ಸಿಸ್ಟ್ರೇ, ತೆಗೀರಿ."

ರಾಜ ರಂಗಕ್ಕೆ ಬರುವಾಗ ಕೊಡುವ ಎಂಟ್ರಿ ಮಟ್ಟನ್ನು ಚಪ್ಪರಕ್ಕೆ ನುಡಿಸುವಷ್ಟೇ ಗಟ್ಟಿಯಾಗಿ ನುಡಿಸಿದೆ. ಸಿಸ್ಟರ್ ಕೈಯಲ್ಲಿದ್ದ ಬಟ್ಟಲು ಬೀಳಿಸಿದರು. ಮಟ್ಟು ನಿಲ್ಲಿಸಿ, ಗೌಡರ ಮುಖ ನೋಡದೆ, ಮನೆಗಳನ್ನೇ ನೋಡಿಕೊಂಡು ಹೇಳಿದೆ.

"ಪೆಟ್ಟಿಗೆ ಮುಚ್ಚಿಲ್ಲ. ಯಾವನಲೇ ಏಳೋನು?"

ಗೋಡೆ ಒಂದು ಕಡೆ, ಟ್ರಾಲಿ ಒಂದು ಕಡೆ, ಓಡಿಹೋಗೋಣವೆಂದರೆ ಜಾಗವಿಲ್ಲ.

"ಏನಂದೆ?" ಅಂದರು ಗೌಡರು.

"ಇಪ್ಪತ್ತು ವರ್ಷ ರಾಜಪಾರ್ಟಂತೆ. ಯಾವ ಮೇಷ್ಟ್ರು ಕಲಿಸಿದ್ದಯ್ಯ ನಿಂಗೆ, ಸೀನು ಮುಗಿಯೋಕೆ ಮುಂಚೆ ಸಿಂಹಾಸನ ಬಿಟ್ಟು ಓಡೋದನ್ನ? ಶ್ರುತಿ ಹಿಡಿ ನೋಡೋಣ. ಕರಿ ಒಂದು."

ಕರಿ ಒಂದರ ಮನೆ, ಅಂದರೆ ಮೊದಲ ಕಪ್ಪು ಮನೆ, ಒತ್ತಿ ಹಿಡಿದೆ. ತಿದಿ ಎಳೆಯುತ್ತಲೇ ಇದ್ದೆ. ಗೌಡರು ನನ್ನನ್ನು ನೋಡುತ್ತಲೇ ಇದ್ದರು. ಮಧ್ಯೆ ಬಾಯಿ ಹಾಕಿದವರು ಮೂರನೇ ಹಾಸಿಗೆಯ ಅಜ್ಜಿ.

"ಎತ್ತಪ್ಪ ಸೊಲ್ಲಾ. ಆಗ್ಲಿಂದ ಪೀಪಿ ಊದ್ತಾವ್ನೆ, ಪಾಪ."

ಗೌಡರು ಬಾಯಿ ತೆರೆದರು. ದನಿ ಬರಲಿಲ್ಲ, ಗಾಳಿ ಬಂತು. ಇನ್ನೊಮ್ಮೆ ತೆರೆದರು. ಬಂದದ್ದು ಶ್ರುತಿಗಿಂತ ಅರ್ಧ ಮನೆ ಕೆಳಗೆ, ಒಡಕು ಮಡಕೆಯ ದನಿ. ನೀರು ತುಂಬಿದ ಎದೆಗೆ ಉಸಿರು ಸಾಲುತ್ತಿರಲಿಲ್ಲ. ನನಗೆ ಅಳು ಬರುವ ಹಾಗಾಯಿತು. ಮೇಷ್ಟ್ರು ಅಳುವಂತಿಲ್ಲ.

"ಇದು ರಾಜನ ದನಿನೇನಯ್ಯ? ಎಮ್ಮೆ ಕಾಯೋನು ಇದಕ್ಕಿಂತ ಚೆನ್ನಾಗಿ ಕೂಗ್ತಾನೆ. ಇನ್ನೊಂದ್ಸಲ."

ಇನ್ನೊಂದು ಸಲ ಹಿಡಿದರು. ಅದಾದ ಮೇಲೆ ಇನ್ನೊಂದು ಸಲ. ಸಭೆಯಲ್ಲಿ ರಾಜ ಮಂತ್ರಿಯನ್ನು ಪ್ರಶ್ನಿಸುವ ಮೊದಲ ಕಂದಪದ್ಯವನ್ನು ತೆಗೆಸಿ ಹಾಡಿಸಿದೆ. ಪದ್ಯ ಮರೆತಿರಲಿಲ್ಲ. ನಾಲ್ಕು ಸಾಲಿನಲ್ಲಿ ಆರು ಸಲ ಉಸಿರು ತೆಗೆದುಕೊಂಡರು, ಆರು ಸಲವೂ ಬೈದೆ. ಸಿಸ್ಟರ್ ಬಂದು ಮೆಲ್ಲಗೆ ಬಿ.ಪಿ. ನೋಡಿದರು, ಸರಿಯಿದೆ ಎಂದು ನನಗೆ ಹೆಬ್ಬೆರಳೆತ್ತಿ ತೋರಿಸಿ ಹೋದರು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಗೌಡರು ಸುಸ್ತಾದಂತೆ ಕಂಡರು. ನಾನು ಪೆಟ್ಟಿಗೆ ಮುಚ್ಚಿದೆ. ಅವರೇ ಹೇಳಿದರು, "ಮುಚ್ಚುದ್ರಾ ಮೇಷ್ಟ್ರೇ? ಸರಿ, ತೆಗೀರಿ ಸಿಸ್ಟ್ರೇ."

ಅವತ್ತು ಊರಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಸೀಟಿತ್ತು, ಕೂರಲು ಮನಸ್ಸಿರಲಿಲ್ಲ.

ಬುಧವಾರ ಎಲ್ಲ ಹಾಳಾಯಿತು. ಎರಡನೇ ಕಂದ ತೆಗೆಸಿದೆ. ಅದು ರಾಜನಿಗೆ ಸಿಟ್ಟು ಬರುವ ಕಡೆ. ಗೌಡರು ಇಪ್ಪತ್ತು ವರ್ಷ ಆ ಸಾಲಿಗೆ ಯಾವ ಕೈ ಎತ್ತುತ್ತಿದ್ದರೋ ಅದೇ ಕೈ ಎತ್ತಿದರು. ಎಡಗೈ. ಸೂಜಿಯಿದ್ದ ಕೈ. ಯಂತ್ರ ಕೂಗಿಕೊಂಡಿತು. ಸೂಜಿ ರಕ್ತನಾಳದ ಗೋಡೆ ಚುಚ್ಚಿ ಆಚೆ ಹೋಗಿತ್ತು. ನೋಡುನೋಡುತ್ತಲೇ ಮೊಣಕೈ ಹತ್ತಿರ ನೇರಳೆ ಬಣ್ಣಕ್ಕೆ ಊದಿಕೊಂಡಿತು. ಸಿಸ್ಟರ್ ಪಂಪು ನಿಲ್ಲಿಸಿ, ಒತ್ತಿ ಹಿಡಿದು, ಐಸ್ ತರಿಸಿದರು. ಒಂದೂವರೆ ಗಂಟೆಗೇ ಮುಗಿಯಿತು. ನಾನು ಬೈಯಲು ಶುರುಮಾಡುವ ಮೊದಲು ಎರಡಾದರೂ ಆಗುತ್ತಿತ್ತು.

ಅರಕಲಗೂಡಿನ ಕಡೆಯ ಹೆಣ್ಣುಮಗಳು ಆ ಸಿಸ್ಟರ್. ಯಾವತ್ತೂ ದನಿ ಎತ್ತಿದವರಲ್ಲ.

"ಆ ನಾಳ ಕಟ್ಕೊಂಡ್ರೆ ಕುತ್ತಿಗೆಗೆ ಪೈಪು ಹಾಕ್ಬೇಕು ಮೇಷ್ಟ್ರೇ. ಗೊತ್ತಾ ನಿಮ್ಗೆ? ಸಾಕು ನಿಮ್ ನಾಟ್ಕ."

"ಅವ್ರನ್ನ ಯಾಕ್ ಬೈತೀಯವ್ವ," ಅಂದರು ಗೌಡರು ನೋವಿನಲ್ಲೇ. "ಕೈ ನಂದು."

ಶುಕ್ರವಾರ ಅವರನ್ನು ನೋಡುವವರೆಗೆ ನಾನು ಸರಿಯಾಗಿ ಉಂಡಿಲ್ಲ. ಗುರುವಾರ ಚನ್ನರಾಯಪಟ್ಟಣದ ವಾರ್ಡಿನಲ್ಲಿ ಏನು ನುಡಿಸಿದೆನೋ ನೆನಪಿಲ್ಲ. ಶುಕ್ರವಾರ ಡಾಕ್ಟರು ಆ ತೋಳಿನ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ನಾಳ ತೆರೆದಿದ್ದರೆ ಅಲ್ಲಿ ರಕ್ತ ಹರಿಯುವ ಗುಂಯ್ ಸದ್ದು ಬರುತ್ತದಂತೆ. ತುಂಬಾ ಹೊತ್ತು ಕೇಳಿದರು. ನಾನು ಇಷ್ಟು ವರ್ಷ ಕಿವಿಯನ್ನೇ ನಂಬಿ ಬದುಕಿದವನು. ಇನ್ನೊಬ್ಬರ ಕಿವಿಗಾಗಿ ಹಾಗೆ ಕಾದದ್ದಿಲ್ಲ. ಕೊನೆಗೆ ಅವರು, "ಇದೆ. ಊತದಿಂದ ಮೇಲೆ ಸೂಜಿ ಹಾಕಿ," ಎಂದರು.

ಸಿಸ್ಟರ್ ಒಂದೇ ಷರತ್ತು ಹಾಕಿದರು: ಕೈ ಆಡಕೂಡದು. ಕಟ್ಟಿಹಾಕಲೂ ಆಗದು, ಬಿಗಿಯಾದರೆ ಅದೂ ಕಷ್ಟ. ಪದ್ಯ ಬಾಯಿಗೆ ಬಂದರೆ ಕೈ ತಾನಾಗಿ ಏಳುವುದು ನಮ್ಮ ರಂಗದ ಚಟ. ಚಟ ಬಿಡಿಸಲು ನನಗೆ ಗೊತ್ತಿದ್ದದ್ದು ಒಂದೇ ದಾರಿ.

"ಕೇಳಯ್ಯ ಇಲ್ಲಿ. ಇಪ್ಪತ್ತು ವರ್ಷ ನೀನು ಮಾಡಿದ್ದು ರಾಜಪಾರ್ಟಲ್ಲ, ಟ್ರಾಫಿಕ್ ಪೊಲೀಸು. ಕೈ ಬೀಸೋದು ಸೇವಕನ ಕೆಲಸ. ರಾಜ ಕೂತ ಜಾಗದಲ್ಲೇ ಗದರಿಸ್ತಾನೆ. ಎಡಗೈ ಸಿಂಹಾಸನದ ಮೇಲೆ. ಅದು ಎದ್ದರೆ ಪಾರ್ಟು ಬೇರೆಯವರಿಗೆ."

ಕೊನೆಯ ಮಾತು ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಒಂದು ಸಲ ಅವರಿಂದ ಪಾರ್ಟು ಕಿತ್ತುಕೊಂಡಿದ್ದರಲ್ಲ. ಗೌಡರು ಎಡಗೈಯನ್ನು ಹಾಸಿಗೆಯ ಮೇಲೆ ಚಪ್ಪಟೆಯಾಗಿ ಇಟ್ಟರು. ಸಿಟ್ಟಿನ ಕಂದ ಬಂದಾಗ ಹುಬ್ಬು ಎದ್ದಿತು, ಕೊರಳ ನರ ಎದ್ದಿತು. ಕೈ ಏಳಲಿಲ್ಲ. ಅಲ್ಲಿಗೆ ಪದ್ಯವೂ ಸುಧಾರಿಸಿತು. ಕೈಯಲ್ಲಿ ಖರ್ಚಾಗುತ್ತಿದ್ದ ಸಿಟ್ಟೆಲ್ಲ ದನಿಗೆ ಬಂದಿತ್ತು. ಅವತ್ತು ಮೂರೂಮುಕ್ಕಾಲು. ಮುಂದಿನ ಸೋಮವಾರ ಪೂರಾ ನಾಲ್ಕು. ತಿಂಗಳೊಳಗೆ ಕಾಲಿನ ಗುಳಿ ಕಾಣದಾಯಿತು. ಅಜ್ಜಿ ಈಗ ಪ್ರೇಕ್ಷಕರ ಪರವಾಗಿ ತೀರ್ಪು ಕೊಡುತ್ತಿದ್ದರು: "ಇವತ್ತು ಪರ್ವಾಗಿಲ್ಲ." "ಇವತ್ತು ಗಂಟ್ಲಲ್ಲಿ ಕಪ್ಪೆ ಸೇರ್ಕಂಡದೆ."

ಇಲ್ಲಿಗೆ ಮುಗಿಸಿದ್ದರೆ ನಾನು ಗೆದ್ದ ಕತೆಯಾಗುತ್ತಿತ್ತು. ಒಂದು ಬುಧವಾರ ನನಗೆ ಜ್ವರ ಬಂದು ಹೋಗಲಾಗಲಿಲ್ಲ. ಸಿಸ್ಟರ್ ಫೋನ್ ಮಾಡಿದರು.

"ಎರಡ್ ಗಂಟೆಗೆ ಎದ್ರು. ಪೆಟ್ಟಿಗೆನೇ ಇಲ್ವಲ್ಲ, ಮುಚ್ಚೋದೇನ್ ಬಂತು ಅಂದ್ರು."

ಹೊದ್ದು ಮಲಗಿದ್ದವನಿಗೆ ಅದನ್ನು ಕೇಳಿ ಚಳಿ ಹೆಚ್ಚಾಯಿತು. ಈ ಕಾಯಿಲೆಗೆ ಮೂರು ತಿಂಗಳು ಅಂತಿಲ್ಲ. ವಾರಕ್ಕೆ ಮೂರು ಸಲ, ಅವರು ಇರುವವರೆಗೂ. ಹಾಗಾದರೆ ನಾನೂ.

ಅದೇ ಹೊತ್ತಿಗೆ ದುದ್ದದ ಕಡೆಯ ಒಂದು ಹಳ್ಳಿಯವರು ನಾಟಕ ಕಲಿಸಿಕೊಡಿ ಎಂದು ಮನೆಗೆ ಬಂದರು. ಒಂದೂವರೆ ತಿಂಗಳು ಅಲ್ಲೇ ಇರಬೇಕು, ಊಟ ವಸತಿ ಅವರದೇ, ಹೊಸ ಚಪ್ಪರ, ಹುರುಪಿನ ಜನ. ಅವರು ವೀಳ್ಯ ಮುಂದಿಟ್ಟರು. ಅದನ್ನು ಕೈಗೆ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ನಾಳೆ ಹೇಳುತ್ತೇನೆ ಎಂದೆ. ಮೇಡಂಗೆ ಫೋನ್ ಮಾಡಿದರೆ, "ನಿಮ್ಮ ಮೂರು ತಿಂಗಳು ಮುಗೀತು. ಪಿಟೀಲಿನವರು ವಾಪಸ್ ಬರ್ತೀನಿ ಅಂದಿದ್ದಾರೆ. ನಿಮ್ಮಿಷ್ಟ," ಎಂದರು. ಇದ್ಕೊಳ್ಳಿ ಅಂತ ಗದರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಗೌಡರಿಗೆ ಹೇಳಿಬಿಡೋಣ ಎಂದೇ ಆ ಶುಕ್ರವಾರ ಹೋದೆ. ಮಾತು ಹೇಗೆ ಶುರುಮಾಡುವುದು ಎಂದು ಮೂರು ಗಂಟೆ ಯೋಚಿಸಿದೆ. ಅವರೇ ಮೊದಲು ಕೇಳಿದರು.

"ಮೇಷ್ಟ್ರೇ, ತಾಲೀಮು ಶುರು ಮಾಡುದ್ಮೇಲೆ ದಿನ ಕಟ್ಬೇಕಲ್ಲ. ನಾಟ್ಕ ಯಾವತ್ತು?"

ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನಾಟಕವಿಲ್ಲದ ತಾಲೀಮನ್ನು ಯಾವ ಮೇಷ್ಟ್ರೂ ಮಾಡುವುದಿಲ್ಲ. ದಿನ ಹೇಳಿದರೆ, ಆ ದಿನ ಕಳೆದ ಮೇಲೆ ಇವರು ಯಾವುದಕ್ಕೆ ಕೂರುತ್ತಾರೆ? ದಿನವೇ ಇಲ್ಲ ಎಂದರೆ ಇವತ್ತೇ ಏಳುತ್ತಾರೆ. ಕೋಣೆ ಯಾಕೋ ಇನ್ನೂ ಕಿರಿದಾಯಿತು.

"ದಿನ ಕಟ್ಟೋದು ಪದ್ಯ ಕೂತ ಮೇಲೆ," ಎಂದೆ. "ಮೂರನೇ ಕಂದದ ಕೊನೇ ಸಾಲು ನೋಡು, ಇನ್ನೂ ಇಳೀತಾ ಇದೆ ನಿಂದು. ಅದು ಕೂರ್ಲಿ ಮೊದಲು."

ಅದು ನಿಜವೇ ಆಗಿತ್ತು. ಅವರು ತಲೆಯಾಡಿಸಿದರು. ಮರುದಿನ ದುದ್ದದವರಿಗೆ, ಈ ವರ್ಷ ನನ್ನ ಕೈಲಾಗುವುದಿಲ್ಲ ಎಂದೆ. ಅವರು ಅರಸೀಕೆರೆ ಕಡೆಯ ಮೇಷ್ಟ್ರನ್ನು ಕರೆದುಕೊಂಡು ಹೋದರು. ಅವನು ನನಗಿಂತ ಕಡಿಮೆ ಬೈಯುತ್ತಾನಂತೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತದೆ ಎಂದು ಎಬ್ಬಿಸಿದಳು.

ಆಮೇಲಿನ ವಾರಗಳಲ್ಲಿ ಒಂದು ವಿಚಿತ್ರ ನಡೆಯಿತು. ಗೌಡರ ದನಿ ದಿನದಿನಕ್ಕೆ ಕುದುರಿತು. ಉಸಿರು ಹಿಡಿತಕ್ಕೆ ಬಂತು, ಶ್ರುತಿ ಗಟ್ಟಿಯಾಯಿತು. ಕಷ್ಟದ ಸಾಲುಗಳೆಲ್ಲ ನೀರು ಕುಡಿದ ಹಾಗೆ ಬರತೊಡಗಿದವು. ಮೂರನೇ ಕಂದದ ಕೊನೇ ಸಾಲು ಮಾತ್ರ ಪ್ರತಿ ಸಲವೂ ಅರ್ಧ ಮನೆ ಇಳಿಯುತ್ತಿತ್ತು. ಅದೇ ಅಕ್ಷರಕ್ಕೆ, ಅಷ್ಟೇ ಅಳತೆಗೆ. ನಾನು ಬೈಯುತ್ತಿದ್ದೆ, ಅವರು ತಲೆ ತಗ್ಗಿಸುತ್ತಿದ್ದರು. ಪಿಟೀಲಿನವರು ಬಂದು ಅರಕಲಗೂಡು, ಚನ್ನರಾಯಪಟ್ಟಣ ನೋಡಿಕೊಂಡರು. ಹಾಸನ ನನಗೇ ಉಳಿಯಿತು.

"ಆ ಒಂದ್ ಸಾಲು ಯಾಕ್ ಮೇಷ್ಟ್ರೇ ಬರಲ್ಲ ಅವ್ರಿಗೆ?" ಎಂದು ಸಿಸ್ಟರ್ ಒಮ್ಮೆ ಕೇಳಿದರು.

"ಕಷ್ಟದ ಸಾಲು ಸಿಸ್ಟರ್," ಎಂದೆ. ಇಡೀ ಕಂದದಲ್ಲಿ ಅಷ್ಟು ಸುಲಭದ ಸಾಲು ಇನ್ನೊಂದಿಲ್ಲ.

ಕಳೆದ ಶುಕ್ರವಾರ ಮೂರೂಮುಕ್ಕಾಲು ಗಂಟೆ ಹೊತ್ತಿಗೆ ಮೂರನೇ ಕಂದ ತೆಗೆದರು. ಮೊದಲ ಸಾಲು, ಎರಡನೆಯದು, ಮೂರನೆಯದು. ನಾನು ಬೈಗುಳ ಸಿದ್ಧ ಮಾಡಿಕೊಂಡು ಕೂತಿದ್ದೆ. ಕೊನೇ ಸಾಲು ಇಳಿಯಲಿಲ್ಲ. ನೇರ ಹೋಗಿ ಕರಿ ಒಂದರ ಮೇಲೆ ಕೂತು ಅಲ್ಲೇ ನಿಂತಿತು, ಉಸಿರು ಮುಗಿಯುವವರೆಗೂ.

ನನ್ನ ಕೈ ತಿದಿಯ ಮೇಲೇ ನಿಂತುಹೋಯಿತು. ಇನ್ನು ನಾಟಕದ ದಿನ ಕೇಳುತ್ತಾರೆ. ಇಲ್ಲವೇ ಸಾಕಾಗಿದೆ ಇವರಿಗೆ, ಕೊನೆಗೊಂದು ಸಲ ಸರಿಯಾಗಿ ಹಾಡಿಬಿಡೋಣ ಅಂತ ಹಾಡಿದರು. ಎರಡೂ ಯೋಚನೆ ಒಟ್ಟಿಗೇ ಬಂದವು. ಗೌಡರು ಚಾವಣಿ ನೋಡುತ್ತ ಮಲಗಿದ್ದರು.

"ಕೂತ್ಕತ್ತು ಅನ್ನುಸ್ತದೆ ಮೇಷ್ಟ್ರೇ," ಅಂದರು.

ನಾನು ತಿದಿಯನ್ನು ಮತ್ತೆ ಎಳೆದೆ.

"ಮುಂದ್ಲ ಸೀನ್ ಯೋಳ್ಕೊಡಿ."

ಆ ನಾಟಕದಲ್ಲಿ ರಾಜನಿಗೆ ಹನ್ನೊಂದು ಸೀನು. ಮೊದಲನೆಯದರ ಮೂರು ಪದ್ಯಕ್ಕೇ ಇಷ್ಟು ತಿಂಗಳು ಹಿಡಿದಿತ್ತು. ಯಾವತ್ತೂ ಇಲ್ಲದ್ದು, ಅವತ್ತು ನಾನು ಮುಂದಿನದನ್ನು ಲೆಕ್ಕ ಹಾಕಲು ಹೋಗಲಿಲ್ಲ. ಸೋಮವಾರ ಶುರುಮಾಡೋಣವೇ ಎಂದು ಅವರೇ ಕೇಳಿದರು.

"ಇನ್ನೂ ಹದಿನೈದು ನಿಮಿಷ ಇದೆಯಲ್ಲಯ್ಯ," ಎಂದು ಗದರಿಸಿದೆ. "ಈಗ್ಲೇ ಹಿಡಿ."